ಬ್ಯಾಡಗಿಯ ತೂಕದ ಬೋರ್ಡು: 43 ಕಿಲೊ 48 ಆಗಿ ಕಂಡದ್ದು ಯಾಕೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರ್. ಸೀಸನ್ನಿನಲ್ಲಿ ಆ ಎರಡು ದಿನ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಡಬ್ಬಿ, ಇನ್ನೊಂದು ಕಡೆ ಕಡ್ಡಿ, ಆಚೆ ಗುಂಟೂರು, ಎಲ್ಲ ಮೆಣಸಿನಕಾಯಿಯ ಜಾತಿಗಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಹಮಾಲರು ಚೀಲ ಎತ್ತಿ ಹಾಕುವಾಗ ಏಳುವ ಘಾಟಿಗೆ ಹುಬ್ಬಳ್ಳಿಯಿಂದ ಹೋದ ನಮ್ಮಂಥವರು ಸೀನುತ್ತಲೇ ಕೆಲಸ ಮಾಡಬೇಕು.

ಅಲ್ಲಿನ ಒಂದು ದಲಾಲಿ ಅಂಗಡಿಯ ಸಾಹುಕಾರರು ನಮಗೆ ಹೇಳಿ ಕಳಿಸಿದ್ದರು. ಅವರ ಎಲೆಕ್ಟ್ರಾನಿಕ್ ಕಾಟಾದ ಅಂಕಿಗಳು ಬೆರಳಿನಷ್ಟು ಎತ್ತರ. ಕಾಟಾದ ಹತ್ತಿರ ನಿಂತ ಗುಮಾಸ್ತನಿಗೆ ಮಾತ್ರ ಕಾಣುತ್ತವೆ.

"ತಮ್ಮಾ, ರೈತ ಅಲ್ಲಿ ಕಟ್ಟಿ ಮ್ಯಾಲೆ ಕುಂತಿರ್ತಾನ. ಅವಗ ತನ್ನ ಮಾಲಿನ ತೂಕ ತಾನ ಕಾಣಬೇಕು. ನಮ್ಮ ಬಾಯಿಮಾತು ಯಾಕ ನಂಬಬೇಕು ಅವ?" ಅಂದರು.

ಈ ಮಾತು ನನಗೆ ಬಹಳ ಹಿಡಿಸಿತು. ಕೆಲಸ ಒಪ್ಪಿಕೊಂಡೆವು. ನಾನು ಹುಬ್ಬಳ್ಳಿಯಲ್ಲಿ ಸಣ್ಣದೊಂದು ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ನಡೆಸುತ್ತೇನೆ. ಕೋಡ್ ಬರೆಯುವವನು ನನ್ನ ಕಾಕಾನ ಮಗ, ಅಂದರೆ ನನ್ನ ತಮ್ಮ. ಮುಂದೆ ನಡೆದದ್ದನ್ನು ಅಂಕಿ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ 3.3 ವೋಲ್ಟಿನ ಬೋರ್ಡಿಗೆ 5 ವೋಲ್ಟಿನ ಸಾಮಾನು ಜೋಡಿಸುವ ಎಲ್ಲರೂ ಒಂದಲ್ಲ ಒಂದು ದಿನ ಇದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಕಟ್ಟಿದ್ದು ಏನು

ಕಾಟಾ ಬಿಚ್ಚುವ ಮಾತೇ ಇರಲಿಲ್ಲ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ, ಅದನ್ನು ಮುಟ್ಟಬಾರದು. ಆದರೆ ಕಾಟಾದ ಹಿಂದೆ ಆರ್‌ಎಸ್-232 ಸಾಕೆಟ್ ಇತ್ತು. ಅಲ್ಲಿಂದ 9600 ಬಾಡ್‌ನಲ್ಲಿ ತೂಕ ಹೊರಗೆ ಬರುತ್ತದೆ. ಅದನ್ನು ಒಂದು ಇಎಸ್‌ಪಿ32 (ನಮ್ಮ ಕೋಡ್ ಓಡುವ ಸಣ್ಣ ಬೋರ್ಡು) ಓದಿ, ಎರಡು ಪಿ10 ಪ್ಯಾನೆಲ್ ಮೇಲೆ ದೊಡ್ಡದಾಗಿ ತೋರಿಸಬೇಕು. ಗುಮಾಸ್ತನಿಗೆ ಚೀಲದ ಲೆಕ್ಕ ತೋರಿಸಲು ಎರಡು ಸಾಲಿನ ಒಂದು ಎಲ್‌ಸಿಡಿ, ಸಮಯಕ್ಕೆ ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್. ಇಷ್ಟೇ.

ಪಿ10 ಪ್ಯಾನೆಲ್ ನೀವೆಲ್ಲ ನೋಡಿರುತ್ತೀರಿ. ಬಸ್ ಸ್ಟ್ಯಾಂಡ್, ಗುಡಿ, ಮೆಡಿಕಲ್ ಅಂಗಡಿ ಎಲ್ಲ ಕಡೆ ಕೆಂಪು ಅಕ್ಷರ ಓಡಿಸುವ ಬೋರ್ಡು ಅದೇ. 32 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರ, ಒಟ್ಟು 512 ಎಲ್‌ಇಡಿ. ಒಳಗೆ ಬಿಟ್‌ಗಳನ್ನು ಒಂದರ ಹಿಂದೆ ಒಂದು ತೆಗೆದುಕೊಂಡು ಮುಂದೆ ಸರಿಸುವ 74ಎಚ್‌ಸಿ595 ಚಿಪ್‌ಗಳ ಸರಪಳಿ. ಅವುಗಳ ಮುಂದೆ, ಕೇಬಲ್ ಬಂದು ಸೇರುವ ಕಡೆ, 74ಎಚ್‌ಸಿ245 ಎಂಬ ಬಫರ್, ಅಂದರೆ ಸಿಗ್ನಲನ್ನು ಗಟ್ಟಿ ಮಾಡಿ ಮುಂದೆ ಕಳಿಸುವ ಚಿಪ್. ಒಳಗೆ ಬರುವ ಪ್ರತಿಯೊಂದು ಸಿಗ್ನಲ್ ಮೊದಲು ಈ ಬಫರ್ ದಾಟಬೇಕು. ಇದು ಕೆಲಸ ಮಾಡುವುದು 5 ವೋಲ್ಟಿನಲ್ಲಿ. ಇಎಸ್‌ಪಿ32 ಕೊಡುವುದು 3.3 ವೋಲ್ಟ್. ಇಡೀ ಕಥೆ ನಡೆಯುವುದು ಈ ಎರಡರ ನಡುವೆ.

ವರ್ಕ್‌ಶಾಪ್‌ನಲ್ಲಿ ನೇರವಾಗಿ ವೈರ್ ಜೋಡಿಸಿ ಆನ್ ಮಾಡಿದೆವು. ಬಹಳ ಚೆನ್ನಾಗಿ ಓಡಿತು. ಎರಡು ದಿನ ಸತತ ಓಡಿಸಿದೆವು, ಒಂದು ಚುಕ್ಕೆಯೂ ತಪ್ಪಲಿಲ್ಲ. ಬುಧವಾರ ಸಂಜೆ ಬ್ಯಾಡಗಿಗೆ ಹೋಗಿ ಕೂರಿಸಿ ಬಂದೆವು. ಗುರುವಾರ ಬೆಳಿಗ್ಗೆ ಫೋನ್ ಬಂತು.

ಫೋನಿನಲ್ಲಿ ಬಂದ ಫೋಟೊ

ಕಾಟಾದಲ್ಲಿ 43.6 ಇತ್ತು. ನಮ್ಮ ಬೋರ್ಡಿನಲ್ಲಿ 48.6. ಕ್ಷಣ ಬಿಟ್ಟು ಮತ್ತೆ 43.6. ಇನ್ನೊಂದು ಚೀಲಕ್ಕೆ ಇಡೀ ಅಂಕಿ ಒಂದು ಕಂಬದಷ್ಟು ಪಕ್ಕಕ್ಕೆ ಸರಿದು ನಿಂತಿತ್ತು. ಕಿಲೊಗೆ 300 ರೂಪಾಯಿ ಅಂತ ಹಿಡಿದರೂ 5 ಕಿಲೊ ಅಂದರೆ 1500 ರೂಪಾಯಿ. ರೈತ ನಂಬಲಿ ಅಂತ ಹಾಕಿದ ಬೋರ್ಡೇ ಅನುಮಾನ ಹುಟ್ಟಿಸಿತು. ಒಬ್ಬ ಅಜ್ಜ ಚೀಲದ ಮೇಲೆ ಕೈ ಇಟ್ಟುಕೊಂಡು, "ಯಾವುದು ಖರೇ ಹೇಳ್ರಿ ಮೊದಲ" ಅಂತ ನಿಂತೇ ಬಿಟ್ಟರಂತೆ. ಸಾಹುಕಾರರು ಬೋರ್ಡು ಆರಿಸಿಬಿಟ್ಟರು. ಅದು ಸರಿಯಾದ ಕೆಲಸ.

ಆ ಫೋಟೊಗಳನ್ನು ರಾತ್ರಿ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆವು. ಒಂದು ವಿಷಯ ಕಣ್ಣಿಗೆ ಬಿತ್ತು. ಉರಿಯಬಾರದ ಚುಕ್ಕೆಗಳು ಉರಿಯುತ್ತಿದ್ದವು. ಉರಿಯಬೇಕಾದ ಚುಕ್ಕೆ ಒಂದೂ ಆರಿರಲಿಲ್ಲ. 3 ಎಂಬ ಅಂಕಿಯ ಎಡಬದಿಗೆ ಚುಕ್ಕೆ ಸೇರಿ 8 ಆಗುತ್ತಿತ್ತು. 8 ಎಂದೂ 3 ಆಗಲಿಲ್ಲ.

ಈ ಪ್ಯಾನೆಲ್‌ನಲ್ಲಿ ಡೇಟಾ ತಿರುವುಮುರುವು. ಡೇಟಾ ಸೊನ್ನೆ ಇದ್ದರೆ ಎಲ್‌ಇಡಿ ಉರಿಯುತ್ತದೆ, ಒಂದು ಇದ್ದರೆ ಆರುತ್ತದೆ. ಅಂದರೆ ನಾವು ಕಳಿಸಿದ 'ಒಂದು' ಅಲ್ಲಿ 'ಸೊನ್ನೆ' ಅಂತ ಓದಲ್ಪಡುತ್ತಿದೆ. ಕಳಿಸಿದ ಸೊನ್ನೆ ಸರಿಯಾಗಿಯೇ ತಲುಪುತ್ತಿದೆ. ಬರೀ ಗದ್ದಲದಿಂದ ಆಗುವ ತಪ್ಪಾಗಿದ್ದರೆ ಎರಡೂ ಕಡೆ ಆಗಬೇಕಿತ್ತು. ಒಂದೇ ಕಡೆ ಆಗುತ್ತಿದೆ ಅಂದರೆ ನಮ್ಮ 'ಒಂದು' ಸಾಕಷ್ಟು ಎತ್ತರ ಇಲ್ಲ. ಕಂಬದಷ್ಟು ಸರಿಯುವುದಕ್ಕೂ ಇದೇ ಕಾರಣ. ಕ್ಲಾಕ್ ಅಂದರೆ ಪ್ರತಿ ಬಿಟ್ ಒಳಗೆ ತೆಗೆದುಕೊಳ್ಳಲು ತಾಳ ಹಾಕುವ ಸಿಗ್ನಲ್. ಅದರ ಒಂದು ಏರಿಕೆ ಅಲ್ಲಿ ಲೆಕ್ಕಕ್ಕೆ ಬರದಿದ್ದರೆ ಮುಂದಿನದೆಲ್ಲ ಒಂದು ಹೆಜ್ಜೆ ಹಿಂದೆ ಬೀಳುತ್ತದೆ.

ಅಂದು ರಾತ್ರಿ ನಮಗೆ ಇಷ್ಟು ಸ್ಪಷ್ಟವಾಗಿ ಹೊಳೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ತಮ್ಮ ಮೊದಲು ಕೋಡ್ ಮೇಲೆ ಅನುಮಾನ ಪಟ್ಟ. ಕ್ಲಾಕ್ ವೇಗವನ್ನು 4 ಮೆಗಾಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ಗೆ ಇಳಿಸಿದ. ತಪ್ಪು ಕಡಿಮೆಯಾಯಿತು, ಹೋಗಲಿಲ್ಲ. ಎತ್ತರ ಸಾಲದ ಸಿಗ್ನಲನ್ನು ಎಷ್ಟು ನಿಧಾನ ಕಳಿಸಿದರೂ ಅದರ ಎತ್ತರ ಬೆಳೆಯುವುದಿಲ್ಲ.

ಹಾಗಾದರೆ ವರ್ಕ್‌ಶಾಪ್‌ನಲ್ಲಿ ಹೇಗೆ ಓಡಿತು?

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಮಾಡ್ಯೂಲ್ ಕೊಳ್ಳಬಾರದಿತ್ತು. ನಾವು ಕೊಂಡೆವು, ಅದನ್ನು ಮುಂದೆ ಹೇಳುತ್ತೇನೆ. ಉತ್ತರ ಮಾತ್ರ ಇಲ್ಲೇ ಕೊಡುತ್ತೇನೆ.

ಪ್ರತಿ ಚಿಪ್‌ನ ಡೇಟಾಶೀಟ್‌ನಲ್ಲಿ ವಿಐಎಚ್ ಎಂಬ ಒಂದು ಅಂಕಿ ಇರುತ್ತದೆ. ಒಳಬರುವ ಸಿಗ್ನಲ್ ಇಷ್ಟಕ್ಕಿಂತ ಮೇಲಿದ್ದರೆ ಅದನ್ನು ಖಂಡಿತ 'ಒಂದು' ಅಂತ ಓದುತ್ತೇನೆ ಎಂಬ ಭರವಸೆ ಅದು. ವಿಐಎಲ್ ಅಂದರೆ ಇದಕ್ಕಿಂತ ಕೆಳಗಿದ್ದರೆ ಖಂಡಿತ 'ಸೊನ್ನೆ'. ನಡುವೆ ಇರುವುದು ಯಾರ ಜವಾಬ್ದಾರಿಯೂ ಅಲ್ಲದ ಜಾಗ. 74ಎಚ್‌ಸಿ ಜಾತಿಯ ಚಿಪ್‌ಗಳಿಗೆ ವಿಐಎಚ್ ಅಂದರೆ ಸಪ್ಲೈ ವೋಲ್ಟೇಜಿನ ಸುಮಾರು ಶೇಕಡ 70. ಸಪ್ಲೈ 4.5 ವೋಲ್ಟ್ ಇದ್ದಾಗ 3.15 ಅಂತ ಡೇಟಾಶೀಟೇ ಹೇಳುತ್ತದೆ. 5 ವೋಲ್ಟ್ ಇದ್ದರೆ 3.5.

ವರ್ಕ್‌ಶಾಪ್‌ನಲ್ಲಿ ನಾವು ಒಂದು ಹಳೆಯ ಚಾರ್ಜರ್‌ನಿಂದ ಪ್ಯಾನೆಲ್ ಓಡಿಸಿದ್ದೆವು. ಪ್ಯಾನೆಲ್‌ಗಳು ಕರೆಂಟ್ ಎಳೆದಾಗ ಅದು 4.7 ವೋಲ್ಟಿಗೆ ಇಳಿಯುತ್ತಿತ್ತು. 4.7ರ ಶೇಕಡ 70 ಅಂದರೆ 3.29. ನಮ್ಮ ಇಎಸ್‌ಪಿ32 ಪಿನ್ ಕೊಡುತ್ತಿದ್ದದ್ದು 3.28. ಕೂದಲೆಳೆಯಷ್ಟು ಅಂತರ. ಬ್ಯಾಡಗಿಯಲ್ಲಿ ನಾವು ಒಳ್ಳೆಯದಿರಲಿ ಅಂತ ಹೊಸ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದ್ದೆವು. ಉದ್ದ ವೈರಿನಲ್ಲಿ ವೋಲ್ಟೇಜ್ ಕಡಿಮೆಯಾಗಬಾರದು ಅಂತ ನಾನೇ ಅದರ ಟ್ರಿಮ್ಮರ್ (ವೋಲ್ಟೇಜ್ ಹೊಂದಿಸುವ ಸ್ಕ್ರೂ) ಸ್ವಲ್ಪ ಮೇಲೆ ತಿರುಗಿಸಿದ್ದೆ. ಮೀಟರ್ ಇಟ್ಟಾಗ 5.24 ತೋರಿಸಿತು. ಅದರ ಶೇಕಡ 70 ಅಂದರೆ 3.67. ನಮ್ಮ ಸಿಗ್ನಲ್ ಅದಕ್ಕಿಂತ 0.39 ವೋಲ್ಟ್ ಕೆಳಗೆ.

ಹಾಗಾದರೆ ಪೂರ್ತಿ ನಿಂತುಬಿಡಬೇಕಿತ್ತು ಅಲ್ವಾ? ಇಲ್ಲ. ಎಚ್‌ಸಿ ಚಿಪ್ ನಿಜವಾಗಿ ಹೊರಳುವುದು ಸಪ್ಲೈನ ಅರ್ಧದ ಆಸುಪಾಸಿನಲ್ಲಿ, ಅಂದರೆ ಇಲ್ಲಿ 2.6 ವೋಲ್ಟಿನ ಸುತ್ತ. 3.28 ಅದಕ್ಕಿಂತ ಮೇಲಿದೆ. ಹಾಗಾಗಿ ಹೆಚ್ಚಿನ ಹೊತ್ತು ಸರಿ ಓದುತ್ತದೆ. ಉದ್ದ ಕೇಬಲ್, ಅದರಲ್ಲಿ ಏಳುವ ಅಲೆ, ಎಲ್‌ಇಡಿ ಕರೆಂಟಿನಿಂದ ಗ್ರೌಂಡ್ ವೈರಿನಲ್ಲಿ ಏಳುವ ಜಿಗಿತ, ಇವೆಲ್ಲ ಸೇರಿದ ಕ್ಷಣದಲ್ಲಿ ತಪ್ಪುತ್ತದೆ. ಇದೇ ಅತ್ಯಂತ ಕೆಟ್ಟ ಜಾತಿಯ ದೋಷ. ಪೂರ್ತಿ ಕೆಟ್ಟರೆ ಆ ದಿನವೇ ಗೊತ್ತಾಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಇರುವುದು ಗಿರಾಕಿಯ ಮುಂದೆ ಕೆಡುತ್ತದೆ.

ಇನ್ನೊಂದು ಮಾತು. ಈ ಭಾರ ಬೀಳುವುದು ಮೊದಲನೇ ಪ್ಯಾನೆಲ್ ಮೇಲೆ ಮಾತ್ರ. ಎರಡನೆಯದಕ್ಕೆ ಸಿಗ್ನಲ್ ಹೋಗುವುದು ಮೊದಲನೆಯದರ ಬಫರ್ ದಾಟಿ, ಪೂರ್ತಿ 5 ವೋಲ್ಟ್ ಆಗಿ. "ಪ್ಯಾನೆಲ್ ಅದಲು ಬದಲು ಮಾಡಿದರೆ ಸರಿ ಹೋಯ್ತು" ಅಂತ ಎಷ್ಟೋ ಜನ ಹೇಳುತ್ತಾರೆ. ಸರಿ ಹೋಗಿರುವುದಿಲ್ಲ. ಹೊರಳುವ ಬಿಂದು ಒಂದು ಚೂರು ಕೆಳಗಿರುವ ಚಿಪ್ ಮುಂದೆ ಬಂದಿರುತ್ತದೆ, ಅಷ್ಟೇ.

ಬಿಎಸ್‌ಎಸ್138 ಮಾಡ್ಯೂಲ್

ಕೊಪ್ಪಿಕರ ರಸ್ತೆಯ ಕಡೆ ಒಂದು ಅಂಗಡಿಯಲ್ಲಿ 'ಲೆವೆಲ್ ಕನ್ವರ್ಟರ್', ಅಂದರೆ 3.3ರ ಸಿಗ್ನಲನ್ನು 5ಕ್ಕೆ ಬದಲಿಸುವ ಸಾಮಾನು, ಅಂತ ಕೇಳಿದರೆ ಮೊದಲು ಕೈಗೆ ಬರುವುದು ನಾಲ್ಕು ಚಾನೆಲ್‌ನ ಸಣ್ಣ ಬೋರ್ಡು. ಪ್ರತಿ ಚಾನೆಲ್‌ಗೆ ಒಂದು ಬಿಎಸ್‌ಎಸ್138 ಮಾಸ್‌ಫೆಟ್, ಎರಡು 10 ಕಿಲೊಓಮ್ ರೆಸಿಸ್ಟರ್. ಅಗ್ಗ. ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ನಮಗೆ ಬೇಕಾದ ಸಿಗ್ನಲ್ ಆರು: ಡೇಟಾ, ಕ್ಲಾಕ್, ಲ್ಯಾಚ್ (ತುಂಬಿದ ಡೇಟಾವನ್ನು ಎಲ್‌ಇಡಿಗೆ ಬಿಡುವುದು), ಎ, ಬಿ (ಯಾವ ಸಾಲು ಅಂತ ಹೇಳುವವು) ಮತ್ತು ಓಇ (ಪ್ಯಾನೆಲ್ ಬೆಳಕನ್ನು ಆನ್, ಆಫ್ ಮಾಡುವುದು). ಎರಡು ಬೋರ್ಡು ತಂದು ಹಾಕಿದೆವು.

ಮೊದಲಿಗಿಂತ ಕೆಟ್ಟಿತು. ಪ್ಯಾನೆಲ್ ತುಂಬ ಕೆಂಪು ಕಸ.

ಕಾಲೇಜೊಂದರ ಲ್ಯಾಬ್‌ನಲ್ಲಿರುವ ಗೆಳೆಯ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಕೊಟ್ಟ. 3 ಮೀಟರ್ ರಿಬ್ಬನ್ ಕೇಬಲ್‌ನ ಪ್ಯಾನೆಲ್ ತುದಿಗೆ ಪ್ರೋಬ್ ಇಟ್ಟು ಕ್ಲಾಕ್ ನೋಡಿದೆವು. ಪರದೆಯ ಮೇಲೆ ಗೆರೆ ಗೋಡೆಯ ಹಾಗೆ ನೇರವಾಗಿ ಏರಿತು, ಸುಮಾರು 2.6 ವೋಲ್ಟಿಗೆ ಬಂದಿತು, ಅಲ್ಲಿ ಮೊಣಕಾಲಿನಂತೆ ಮಡಚಿ ಓರೆಯಾಗಿ ನಿಧಾನ ಏರತೊಡಗಿತು. 3 ವೋಲ್ಟ್ ಮುಟ್ಟುವಷ್ಟರಲ್ಲಿ ಮುಂದಿನ ಇಳಿಕೆ ಬಂದು ಕೆಳಗೆ ಎಳೆದುಕೊಂಡು ಹೋಯಿತು. ಪ್ರತಿ ಸಲವೂ ಅದೇ.

ಆ ಮೊಣಕಾಲಿನಲ್ಲಿ ಇಡೀ ಸರ್ಕ್ಯೂಟ್ ಕಾಣುತ್ತದೆ. ಮಾಸ್‌ಫೆಟ್‌ನ ಒಳಗಿನ ಡಯೋಡ್ 3.3 ವೋಲ್ಟಿನ ಕಡೆಯಿಂದ 5 ವೋಲ್ಟಿನ ಕಡೆಗೆ ಕರೆಂಟ್ ಬಿಡುತ್ತದೆ. ಅದರಲ್ಲಿ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕಳೆದು 2.6ರವರೆಗೆ ಸರ್ ಅಂತ ಏರುತ್ತದೆ. ಅಲ್ಲಿಂದ ಮೇಲೆ ಎತ್ತುವವರು ಯಾರು? ಆ 10 ಕಿಲೊಓಮ್ ರೆಸಿಸ್ಟರ್ ಒಂದೇ. ರಿಬ್ಬನ್ ಕೇಬಲ್‌ಗೆ ಮೀಟರಿಗೆ ಸುಮಾರು 50 ಪಿಕೊಫ್ಯಾರಡ್ ಅಂತ ಹಿಡಿದರೆ 3 ಮೀಟರಿಗೆ 150. 10 ಕಿಲೊಓಮ್ ಗುಣಿಸು 150 ಪಿಕೊಫ್ಯಾರಡ್ ಅಂದರೆ 1.5 ಮೈಕ್ರೊಸೆಕೆಂಡ್. 2.6ರಿಂದ 3.67ಕ್ಕೆ ಏರಲು ಅದರ ಅರ್ಧದಷ್ಟು, ಅಂದರೆ 0.78 ಮೈಕ್ರೊಸೆಕೆಂಡ್ ಬೇಕು. 4 ಮೆಗಾಹರ್ಟ್ಸ್ ಕ್ಲಾಕ್ ಮೇಲಿರುವುದು 0.125 ಮೈಕ್ರೊಸೆಕೆಂಡ್ ಮಾತ್ರ. 1 ಮೆಗಾಹರ್ಟ್ಸ್‌ನಲ್ಲೂ 0.5. ಎಲ್ಲಿಂದ ಸಾಲಬೇಕು?

ಹಾಗಂತ ಆ ಮಾಡ್ಯೂಲ್ ಕೆಟ್ಟದ್ದು ಅಂತ ಅಲ್ಲ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅದನ್ನು ಕೊನೆಗೆ ಇದೇ ಬೋರ್ಡಿನಲ್ಲಿ ಬೇರೆ ಕಡೆ ಹಾಕಿದೆವು.

ದಿಕ್ಕು ತಾನೇ ಹುಡುಕುವ ಚಿಪ್

ಎರಡನೇ ಸಲ ತಂದದ್ದು ಟಿಎಕ್ಸ್‌ಎಸ್0108ಇ ಇರುವ ಎಂಟು ಚಾನೆಲ್ ಬೋರ್ಡು. ಇದರ ಡೇಟಾಶೀಟ್‌ನಲ್ಲಿ ಹತ್ತಾರು ಮೆಗಾಬಿಟ್ ವೇಗ ಬರೆದಿದೆ. ಒಂದು ಕಡೆ 3.3, ಇನ್ನೊಂದು ಕಡೆ 5 ಕೊಟ್ಟರೆ ಸಾಕು, ಸಿಗ್ನಲ್ ಯಾವ ಕಡೆಯಿಂದ ಬರುತ್ತಿದೆ ಅಂತ ಅದೇ ಕಂಡುಹಿಡಿಯುತ್ತದೆ. ವರ್ಕ್‌ಶಾಪ್‌ನಲ್ಲಿ ಗೇಣುದ್ದ ಕೇಬಲ್ ಹಾಕಿ, ಸಪ್ಲೈ 5.24 ಇಟ್ಟು ಓಡಿಸಿದರೆ ಒಂದೂ ತಪ್ಪಿಲ್ಲ. ನಮಗೆ ಖುಷಿಯೋ ಖುಷಿ.

ಈ ಸಲ ಮಾತ್ರ ಬ್ಯಾಡಗಿಗೆ ಓಡಲಿಲ್ಲ. ಅಲ್ಲಿರುವ 3 ಮೀಟರ್ ಕೇಬಲನ್ನೇ ಇಲ್ಲಿ ಹಾಕಿ ನೋಡೋಣ ಅಂದೆ. ಹಾಕಿದ ಕೂಡಲೇ ನಡುನಡುವೆ ಮಿಂಚು ಶುರುವಾಯಿತು.

ಈ ಚಿಪ್ ಎರಡೂ ಕಡೆ ಕಿವಿ ಇಟ್ಟು ಕಾಯುತ್ತದೆ. ಯಾವುದೇ ಕಡೆ ಏರಿಕೆ ಕಂಡರೆ ಇನ್ನೊಂದು ಕಡೆಯನ್ನು ಬಹಳ ಸ್ವಲ್ಪ ಹೊತ್ತು ಜೋರಾಗಿ ತಳ್ಳುತ್ತದೆ. ಆಮೇಲೆ ಒಳಗಿನ ರೆಸಿಸ್ಟರ್‌ಗೆ ಕೆಲಸ ಬಿಟ್ಟು ಸುಮ್ಮನಾಗುತ್ತದೆ. ಉದ್ದ ಕೇಬಲ್‌ನಲ್ಲಿ ಕಳಿಸಿದ ಅಲೆ ಆ ತುದಿಗೆ ಬಡಿದು ವಾಪಸ್ ಬರುತ್ತದೆ. ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್, ಹೋಗಿ ಬರಲು 6 ಮೀಟರ್, ಅಂದರೆ 30 ನ್ಯಾನೊಸೆಕೆಂಡ್. ತಳ್ಳುವುದು ನಿಂತ ಮೇಲೆ ವಾಪಸ್ ಬಂದ ಅಲೆಯನ್ನು ಚಿಪ್ ಹೊಸ ಸಿಗ್ನಲ್ ಅಂತ ತಿಳಿಯುತ್ತದೆ. ಆ ಕಡೆಯಿಂದ ಯಾರೋ ಮಾತಾಡುತ್ತಿದ್ದಾರೆ ಅಂದುಕೊಂಡು ಈ ಕಡೆಗೆ ತಳ್ಳುತ್ತದೆ. ವೈರು ಚಿಕ್ಕದಿರಬೇಕು, ವಾಪಸ್ ಬರುವ ಅಲೆ ಆ ತಳ್ಳುವ ಅವಧಿಯೊಳಗೇ ಬಂದುಬಿಡಬೇಕು ಅಂತ ಡೇಟಾಶೀಟೇ ಹೇಳುತ್ತದೆ. ನಾವು ಮೊದಲ ಪುಟದ ವೇಗ ಓದಿ ಪುಸ್ತಕ ಮುಚ್ಚಿದ್ದೆವು.

ಇದರ ಅಣ್ಣತಮ್ಮನ ಹಾಗಿರುವ ಟಿಎಕ್ಸ್‌ಬಿ0108 ಕೂಡ ಅಂಗಡಿಯಲ್ಲಿ ಸಿಗುತ್ತದೆ. ಅದು ಇನ್ನೂ ಸೂಕ್ಷ್ಮ. ತಳ್ಳಿದ ಮೇಲೆ ಸಿಗ್ನಲನ್ನು ಸುಮಾರು 4 ಕಿಲೊಓಮ್ ಮೂಲಕ ಹಿಡಿದುಕೊಂಡಿರುತ್ತದೆ. ಹೊರಗಿನಿಂದ ಪುಲ್‌ಅಪ್ (ಲೈನನ್ನು ಸಪ್ಲೈ ಕಡೆ ಎಳೆಯುವ ರೆಸಿಸ್ಟರ್) ಹಾಕುವುದಾದರೆ 50 ಕಿಲೊಓಮ್‌ಗಿಂತ ಜಾಸ್ತಿ ಇರಬೇಕು. 4.7 ಕಿಲೊಓಮ್ ಪುಲ್‌ಅಪ್ ಇರುವ ಐ2ಸಿ (ಚಿಪ್‌ಗಳು ಎರಡು ವೈರಿನಲ್ಲಿ ಮಾತಾಡುವ ಪದ್ಧತಿ) ಲೈನಿಗೆ ಅದನ್ನು ಹಾಕಿ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಹೆಸರು ಒಂದೇ ಥರ ಇರುವುದರಿಂದ ಒಂದರ ಬದಲು ಇನ್ನೊಂದು ಕೊಡುವುದೂ ಉಂಟು. ಚಿಪ್ ಮೇಲಿನ ಅಕ್ಷರ ಓದಿಕೊಂಡೇ ತನ್ನಿ.

ಇಷ್ಟೆಲ್ಲ ಆದ ಮೇಲೆ ನನ್ನನ್ನು ನಾನೇ ಕೇಳಿಕೊಂಡೆ: ನಮಗೆ ದಿಕ್ಕು ಹುಡುಕುವ ಚಿಪ್ ಯಾಕೆ ಬೇಕು? ಪ್ಯಾನೆಲ್ ನಮಗೆ ಏನನ್ನೂ ವಾಪಸ್ ಹೇಳುವುದಿಲ್ಲ. ಆರೂ ಸಿಗ್ನಲ್ ಒಂದೇ ಕಡೆ ಹೋಗುತ್ತವೆ, ಎಂದೆಂದೂ ಹೋಗುತ್ತವೆ. ದಿಕ್ಕು ಗೊತ್ತಿರುವಾಗ ಅದನ್ನು ಊಹಿಸುವ ಚಿಪ್ ಹಾಕಿದರೆ ಊಹೆ ತಪ್ಪುವ ದಾರಿಯನ್ನು ನಾವೇ ತೆರೆದಂತೆ.

ನಡುವೆ ಒಂದು ಸೋಮವಾರ

ಸೀಸನ್ ನಡೆದಿತ್ತು. ಸಾಹುಕಾರರು ಕೇಳುತ್ತಿದ್ದರು. ತಾತ್ಕಾಲಿಕವಾಗಿ ಎಸ್‌ಎಂಪಿಎಸ್ ಟ್ರಿಮ್ಮರ್ ತಿರುಗಿಸಿ 4.7ಕ್ಕೆ ಇಳಿಸಿದೆವು. ಬೋರ್ಡು ಇಡೀ ದಿನ ಸರಿಯಾಗಿ ಓಡಿತು. ಬೆಳಕು ಸ್ವಲ್ಪ ಮಂದ, ಅಷ್ಟೇ. ಇದನ್ನೇ ಇಟ್ಟುಬಿಡೋಣ ಅಂತ ತಮ್ಮ ಅಂದ. ನಾನು ಒಪ್ಪಲಿಲ್ಲ. 3.28ಕ್ಕೂ 3.29ಕ್ಕೂ ನಡುವೆ ನಿಂತ ಬೋರ್ಡಿಗೆ ಬೇಸಿಗೆಯ ಬಿಸಿಲು, ಸಡಿಲವಾದ ಒಂದು ಸ್ಕ್ರೂ, ಯಾರೋ ತಿರುಗಿಸಿದ ಟ್ರಿಮ್ಮರ್, ಏನು ಬೇಕಾದರೂ ಸಾಕು. ಅದು ತೂಕ ತೋರಿಸುವ ಬೋರ್ಡು. ಅಲ್ಲಿ ಅಂದಾಜಿಗೆ ಜಾಗ ಇಲ್ಲ.

74ಎಚ್‌ಸಿಟಿ245

ಕೊನೆಗೆ ಹಾಕಿದ್ದು ಇದು. ಪ್ಯಾನೆಲ್ ಒಳಗಿರುವ 74ಎಚ್‌ಸಿ245ರ ಹೆಸರಿಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಆ 'ಟಿ' ಅಂದರೆ ಹಳೆಯ ಟಿಟಿಎಲ್ ಚಿಪ್‌ಗಳ ಮಾತು ಅರ್ಥವಾಗುತ್ತದೆ ಅಂತ. 1960ರ ದಶಕದಲ್ಲಿ ಬಂದ ಟಿಟಿಎಲ್ ಚಿಪ್‌ಗಳ 'ಒಂದು' 2.4 ವೋಲ್ಟಿನಷ್ಟು ಕೆಳಗೂ ಇರಬಹುದಿತ್ತು. ಅವುಗಳ ಜೊತೆ ಹೊಂದಿಕೊಳ್ಳಲಿ ಅಂತ ಎಚ್‌ಸಿಟಿ ಜಾತಿಗೆ ವಿಐಎಚ್ 2.0 ವೋಲ್ಟ್, ವಿಐಎಲ್ 0.8 ವೋಲ್ಟ್ ಇಟ್ಟರು. ಸಪ್ಲೈ 5 ವೋಲ್ಟ್ ಇದ್ದರೂ 2.0 ಸಾಕು. ಅಂದಿನ ಆ ಹೊಂದಾಣಿಕೆ ಇಂದು 3.3 ವೋಲ್ಟಿನ ಬೋರ್ಡುಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ನಮ್ಮ 3.28 ಅಲ್ಲಿ 1.28 ವೋಲ್ಟ್ ಮೇಲಿರುತ್ತದೆ. ಹೊರಗೆ ಬರುವುದು ಹೆಚ್ಚುಕಡಿಮೆ ಪೂರ್ತಿ 5 ವೋಲ್ಟ್, ಮೇಲಕ್ಕೂ ಕೆಳಕ್ಕೂ ಗಟ್ಟಿಯಾಗಿ ತಳ್ಳುವ ಔಟ್‌ಪುಟ್. ತಡ ಆಗುವುದು ಹತ್ತು ನ್ಯಾನೊಸೆಕೆಂಡಿನ ಆಸುಪಾಸು. 4 ಮೆಗಾಹರ್ಟ್ಸ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಸ್ವಲ್ಪ ಯೋಚಿಸಿದೆವು. ಪ್ಯಾನೆಲ್ ಕಡೆ ಇಟ್ಟರೆ ಕೇಬಲ್‌ನಲ್ಲಿ 3.3 ವೋಲ್ಟ್ ಓಡುತ್ತದೆ. ಆಗ 'ಸೊನ್ನೆ'ಗೆ ಇರುವ ಅಂತರ 0.8 ವೋಲ್ಟ್ ಮಾತ್ರ. ಇಎಸ್‌ಪಿ32 ಕಡೆ ಇಟ್ಟರೆ ಕೇಬಲ್‌ನಲ್ಲಿ ಪೂರ್ತಿ 5 ವೋಲ್ಟ್ ಓಡುತ್ತದೆ, ಪ್ಯಾನೆಲ್‌ನ ಎಚ್‌ಸಿ ಬಫರ್‌ಗೆ ಮೇಲೂ ಕೆಳಗೂ ಸುಮಾರು ಒಂದೂವರೆ ವೋಲ್ಟ್ ಅಂತರ ಸಿಗುತ್ತದೆ. ಗದ್ದಲ ಬರುವುದು ಕೇಬಲ್‌ನಲ್ಲಿ. ಹಾಗಾಗಿ ಇಎಸ್‌ಪಿ32 ಪಕ್ಕದಲ್ಲೇ ಇಟ್ಟೆವು. ಚಿಪ್‌ಗೆ ಸಪ್ಲೈ ಅದೇ ಎಸ್‌ಎಂಪಿಎಸ್‌ನಿಂದ, ಪ್ಯಾನೆಲ್‌ಗೆ ಹೋಗುವ 5 ವೋಲ್ಟೇ.

ಕಟ್ಟುವಾಗ ಮಾಡಿದ್ದು: ದಿಕ್ಕಿನ ಪಿನ್ ಅನ್ನು ಸಪ್ಲೈಗೆ ಕಟ್ಟಿದೆವು, ಎನೇಬಲ್ ಪಿನ್ ಗ್ರೌಂಡ್‌ಗೆ. ಉಳಿದ ಎರಡು ಇನ್‌ಪುಟ್‌ಗಳನ್ನು ಗಾಳಿಗೆ ಬಿಡದೆ ಗ್ರೌಂಡ್ ಮಾಡಿದೆವು. ಚಿಪ್‌ಗೆ ಅಂಟಿಕೊಂಡಂತೆ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಪ್ರತಿ ಔಟ್‌ಪುಟ್‌ಗೆ ಸಾಲಾಗಿ 68 ಓಮ್ ರೆಸಿಸ್ಟರ್. ಅದಿಲ್ಲದೆ ಸ್ಕೋಪ್‌ನಲ್ಲಿ ಏರಿಕೆಯ ತುದಿ ಗುಂಯ್ ಅಂತ ಅಲುಗುತ್ತಿತ್ತು, ಹಾಕಿದ ಮೇಲೆ ಸಮನಾಯಿತು. ಓಇ ಸಿಗ್ನಲ್‌ಗೆ ಇಎಸ್‌ಪಿ32 ಕಡೆ 10 ಕಿಲೊಓಮ್ ಪುಲ್‌ಡೌನ್, ಬೋರ್ಡು ಎಚ್ಚರವಾಗುವ ತನಕ ಪ್ಯಾನೆಲ್ ಕತ್ತಲೆಯಾಗಿರಲಿ ಅಂತ.

ಗ್ರೌಂಡ್ ವಿಷಯದಲ್ಲಿ ಮೊದಲು ದೊಡ್ಡ ತಪ್ಪು ಮಾಡಿದ್ದೆವು. 16 ಪಿನ್ ಸಾಕೆಟ್‌ನಲ್ಲಿ ಬೆಸ ಸಂಖ್ಯೆಯ ಪಿನ್‌ಗಳು ಬಹುತೇಕ ಗ್ರೌಂಡ್. ನಾವು ಒಂದಕ್ಕೆ ಮಾತ್ರ ವೈರ್ ಕೊಟ್ಟು ಉಳಿದವನ್ನು ಬಿಟ್ಟಿದ್ದೆವು. ಈಗ ಎಲ್ಲವನ್ನೂ ಜೋಡಿಸಿದೆವು. ಪ್ರತಿ ಸಿಗ್ನಲ್‌ನ ಪಕ್ಕದಲ್ಲೇ ಅದರ ವಾಪಸ್ ದಾರಿ ಇರಬೇಕು. ಲೆವೆಲ್ ಸರಿ ಮಾಡಿ ಗ್ರೌಂಡ್ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಪರೀಕ್ಷೆಗೆ ಒಂದು ಕಂಬ ಉರಿದು ಒಂದು ಕಂಬ ಆರಿರುವ ಚಿತ್ರ ಹಾಕಿದೆವು. ಡೇಟಾ ಲೈನ್ ಪ್ರತಿ ಬಿಟ್‌ಗೂ ಬದಲಾಗುವುದರಿಂದ ಇದೇ ಕಠಿಣ. ಸಪ್ಲೈಯನ್ನು 4.6ರಿಂದ 5.4ರವರೆಗೆ ತಿರುಗಿಸಿದೆವು. ಪಕ್ಕದಲ್ಲಿ ಡ್ರಿಲ್ ಮಷಿನ್ ಓಡಿಸಿದೆವು. ಅದೇ 3 ಮೀಟರ್ ಕೇಬಲ್, ಎಂಟು ತಾಸು. ಒಂದು ಚುಕ್ಕೆಯೂ ಅಲುಗಲಿಲ್ಲ. ಆಮೇಲೆಯೇ ಬ್ಯಾಡಗಿಗೆ ಹೊರಟೆವು.

ಅದೇ ಪೆಟ್ಟಿಗೆಯ ಉಳಿದ ವೈರುಗಳು

ಪ್ಯಾನೆಲ್ ಸರಿಯಾದ ಮೇಲೆ ಉಳಿದದ್ದನ್ನೂ ಅದೇ ಕಣ್ಣಿನಿಂದ ನೋಡಿದೆವು.

ಕಾಟಾದಿಂದ ಬರುವ ಲೈನಿಗೆ ನಾವು ಮ್ಯಾಕ್ಸ್232 ಮಾಡ್ಯೂಲ್ ಹಾಕಿದ್ದೆವು. ಅದು 5 ವೋಲ್ಟಿನ ಚಿಪ್, ಅದರ ಔಟ್‌ಪುಟ್ ಇಎಸ್‌ಪಿ32 ಪಿನ್ನಿಗೆ 5 ವೋಲ್ಟ್ ತಳ್ಳುತ್ತಿತ್ತು. ಇಷ್ಟು ದಿನ ಪಿನ್ ಸುಡದೇ ಇದ್ದದ್ದು ಭಾಗ್ಯ. ಅದನ್ನು ತೆಗೆದು ಮ್ಯಾಕ್ಸ್3232 ಹಾಕಿ 3.3 ವೋಲ್ಟ್ ಕೊಟ್ಟೆವು. ಇಲ್ಲಿ ಬರೀ ರೆಸಿಸ್ಟರ್ ಡಿವೈಡರ್ ಹಾಕಿದರೆ ನಡೆಯುವುದಿಲ್ಲವೇ ಅಂತ ತಮ್ಮ ಕೇಳಿದ. ಕಾಟಾದ ಲೈನಿಗೇ ನೇರ ಹಾಕಿದರೆ ನಡೆಯುವುದಿಲ್ಲ. ಆರ್‌ಎಸ್-232ರಲ್ಲಿ ವೋಲ್ಟೇಜ್ ಮೈನಸ್‌ಗೂ ಹೋಗುತ್ತದೆ, ಅರ್ಥವೂ ತಿರುವುಮುರುವು. ಆದರೆ 5 ವೋಲ್ಟಿನ ಸಾಮಾನ್ಯ ಸೀರಿಯಲ್ ಲೈನ್ ಆಗಿದ್ದರೆ 10 ಮತ್ತು 20 ಕಿಲೊಓಮ್ ಡಿವೈಡರ್ ಧಾರಾಳ ಸಾಕಿತ್ತು. 9600 ಬಾಡ್‌ನಲ್ಲಿ ಒಂದು ಬಿಟ್ 104 ಮೈಕ್ರೊಸೆಕೆಂಡ್. ಅಷ್ಟು ನಿಧಾನದ ಲೈನಿಗೆ ಚಿಪ್ ಹುಡುಕಿಕೊಂಡು ಹೋಗುವುದು ಬೇಡ.

ಗಡಿಯಾರದ ಮಾಡ್ಯೂಲ್‌ಗೆ ನಾವು ಸುಮ್ನೆ 5 ವೋಲ್ಟ್ ಕೊಟ್ಟಿದ್ದೆವು. ಡಿಎಸ್3231 2.3ರಿಂದ 5.5 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. 3.3ಕ್ಕೆ ಬದಲಿಸಿದೆವು, ಮುಗಿಯಿತು. ಅಲ್ಲಿ ಲೆವೆಲ್ ಕನ್ವರ್ಟರ್ ಪ್ರಶ್ನೆಯೇ ಇಲ್ಲ.

ಎಲ್‌ಸಿಡಿ ಬೇರೆ. ಅದಕ್ಕೆ 5 ವೋಲ್ಟ್ ಬೇಕೇ ಬೇಕು, ಅದರ ಹಿಂದಿನ ಪಿಸಿಎಫ್8574 ಬೋರ್ಡು ಐ2ಸಿ ಲೈನುಗಳನ್ನು 4.7 ಕಿಲೊಓಮ್ ಮೂಲಕ 5 ವೋಲ್ಟಿಗೆ ಎಳೆಯುತ್ತದೆ. ಐ2ಸಿಯಲ್ಲಿ ಯಾರೂ ಲೈನನ್ನು ಮೇಲೆ ತಳ್ಳುವುದಿಲ್ಲ, ಕೆಳಗೆ ಮಾತ್ರ ಎಳೆಯುತ್ತಾರೆ. ಎರಡೂ ಕಡೆಯಿಂದ ಎಳೆಯುತ್ತಾರೆ. ಬಿಎಸ್‌ಎಸ್138 ಮಾಡಿದ್ದೇ ಇದಕ್ಕೆ. ಪ್ಯಾನೆಲ್‌ನಲ್ಲಿ ಸೋತ ಅದೇ ಬೋರ್ಡನ್ನು ಇಲ್ಲಿ ಹಾಕಿದೆವು. ಅದರ 10 ಕಿಲೊ ಮತ್ತು ಎಲ್‌ಸಿಡಿಯ 4.7 ಕಿಲೊ ಸೇರಿ 3.2 ಕಿಲೊಓಮ್ ಆಗುತ್ತದೆ. ಲೈನಿಗೆ 200 ಪಿಕೊಫ್ಯಾರಡ್ ಅಂತ ಹಿಡಿದರೂ ಏರಿಕೆಗೆ ಸುಮಾರು 0.54 ಮೈಕ್ರೊಸೆಕೆಂಡ್. 100 ಕಿಲೊಹರ್ಟ್ಸ್ ಐ2ಸಿಗೆ 1 ಮೈಕ್ರೊಸೆಕೆಂಡ್‌ವರೆಗೆ ಅವಕಾಶ ಇದೆ. ಅಂದಿನಿಂದ ಎಲ್‌ಸಿಡಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಒಂದೇ ಪೆಟ್ಟಿಗೆ, ನಾಲ್ಕು ಲೈನು, ನಾಲ್ಕು ಬೇರೆ ಉತ್ತರ. ನಾನು ಈಗ ಗಿರಾಕಿಗೆ ಏನು ಹೇಳುವ ಮೊದಲೂ ಒಂದು ಕಾಗದದ ಮೇಲೆ ಪ್ರತಿ ವೈರಿಗೆ ಬರೆದುಕೊಳ್ಳುತ್ತೇನೆ: ಯಾರು ತಳ್ಳುತ್ತಾರೆ, ಯಾವ ಕಡೆಗೆ, ಎಷ್ಟು ವೇಗ, ಎಷ್ಟು ಉದ್ದ, ಆ ತುದಿಯ ಚಿಪ್‌ನ ವಿಐಎಚ್ ಎಷ್ಟು. ವೋಲ್ಟೇಜ್ ಎಷ್ಟರಿಂದ ಎಷ್ಟಕ್ಕೆ ಅನ್ನುವುದು ಕೊನೆಗೆ. ಒಂದು ಎಚ್ಚರಿಕೆಯನ್ನೂ ಅಲ್ಲೇ ಬರೆದಿದ್ದೇನೆ. ಎಚ್‌ಸಿಟಿ ಮೇಲೆತ್ತಲು ಮಾತ್ರ, ಅದೂ 3.3ರಿಂದ. 1.8 ವೋಲ್ಟಿನ ಸಿಗ್ನಲ್ ಅದರ 2.0 ಮುಟ್ಟುವುದಿಲ್ಲ. ಅಂಥ ಕಡೆ 74ಎಲ್‌ವಿಸಿ8ಟಿ245 ಥರದ, ಎರಡು ಸಪ್ಲೈ ಇರುವ, ದಿಕ್ಕು ನಾವೇ ಹೇಳುವ ಚಿಪ್ ಬೇಕು. 5ರಿಂದ 3.3ಕ್ಕೆ ವೇಗದ ಸಿಗ್ನಲ್ ಇಳಿಸಬೇಕಾದರೆ 3.3 ವೋಲ್ಟಿನಲ್ಲಿ ಓಡುವ 74ಎಲ್‌ವಿಸಿ245 ಒಳ್ಳೆಯದು. ಅದರ ಇನ್‌ಪುಟ್ 5 ವೋಲ್ಟ್ ತಡೆದುಕೊಳ್ಳುತ್ತದೆ.

ಬ್ಯಾಡಗಿಯ ಬೋರ್ಡು ಆ ಸೀಸನ್ ಪೂರ್ತಿ ಓಡಿತು. ಮಾರ್ಚ್‌ನಲ್ಲಿ ನಾನು ಹೋದಾಗ ಸಾಹುಕಾರರು ಕಟ್ಟೆಯ ಮೇಲೆ ಕೂತ ರೈತರನ್ನು ತೋರಿಸಿದರು. ಪ್ರತಿ ಚೀಲ ಕಾಟಾ ಏರಿದಾಗ ಅವರೆಲ್ಲ ತಲೆ ಎತ್ತಿ ಬೋರ್ಡು ನೋಡುತ್ತಿದ್ದರು. ಒಬ್ಬರು ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದರು. ಚೀಟಿಯ ಒಟ್ಟು ಮತ್ತು ಗುಮಾಸ್ತನ ಒಟ್ಟು ಒಂದೇ ಬಂತು.

ಈಗ ಪಕ್ಕದ ಅಂಗಡಿಯವರೂ ಕೇಳಿದ್ದಾರೆ. ಅಲ್ಲಿ ಕಾಟಾದಿಂದ ಬೋರ್ಡಿಗೆ 20 ಮೀಟರ್ ದೂರ. "ಅದ ಚಿಪ್ ಹಾಕಿ ಕೇಬಲ್ ಉದ್ದ ಮಾಡಿದ್ರ ಆತಲ್ಲಣ್ಣಾ?" ಅಂದ ತಮ್ಮ. ಆಗುವುದಿಲ್ಲ. ಅಷ್ಟು ದೂರಕ್ಕೆ 4 ಮೆಗಾಹರ್ಟ್ಸ್ ಕ್ಲಾಕ್ ಕಳಿಸುವುದು ಬಫರ್‌ನ ಕೆಲಸ ಅಲ್ಲ. ಅಲ್ಲಿ ಇಎಸ್‌ಪಿ32 ಮತ್ತು ಎಚ್‌ಸಿಟಿ ಚಿಪ್ ಎರಡನ್ನೂ ಪ್ಯಾನೆಲ್ ಹಿಂದೆಯೇ ಕೂರಿಸಿ, ಗೇಣುದ್ದ ಕೇಬಲ್ ಹಾಕುತ್ತೇವೆ. ಕಾಟಾದಿಂದ ಅಲ್ಲಿಯವರೆಗೆ ಬರೀ ತೂಕದ ಅಂಕಿ ಆರ್‌ಎಸ್-485 (ದೂರಕ್ಕೆ ಸೀರಿಯಲ್ ಸಿಗ್ನಲ್ ಕಳಿಸುವ ಪದ್ಧತಿ) ಮೇಲೆ, ಜೋಡಿ ಹೆಣೆದ ವೈರಿನಲ್ಲಿ ಹೋಗುತ್ತದೆ. ಚಿಪ್ 3.3 ವೋಲ್ಟಿನ ಮ್ಯಾಕ್ಸ್3485. ಮುಂದಿನ ಭಾನುವಾರ ಅಂಗಳ ಖಾಲಿ ಇರುವಾಗ ಪೈಪ್ ಹಾಕಿ ವೈರ್ ಎಳೆಯುವುದು ಅಂತ ಮಾತಾಗಿದೆ.